ಬಿಳಿ ಅಂಗಿಯ ಮೇಲೆ ಅವ್ವನ ಖಾರ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಆ ದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಜೋತುಬಿದ್ದಿದ್ದವರು ಕೂಡ ಇನ್ನೂ ಪೂರ್ತಿ ನಂಬಿಲ್ಲ. ಸಂಪಗಾಂವದಿಂದ ಬೈಲಹೊಂಗಲದ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ, ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ‘ಯಾರಾದರೂ ಹತ್ತಿದಿರಾ’ ಅಂತ ಕೇಳುವಷ್ಟು ತೆಳ್ಳಗಿನ ಹುಡುಗಿ, ಬೆಳಗಿನ ಬಸ್ಸಿನಲ್ಲಿ ಒಬ್ಬ ಗಂಡಸನ್ನು ನಡೆದಾಡುವ ಬಾವುಟ ಮಾಡಿ ಕೆಳಗಿಳಿಸಿದಳು. ಆ ಹುಡುಗಿ ನಾನೇ.

ಮೊದಲು ಬಸ್ಸಿನ ವಿಷಯ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಮೇಲೆ ನಮ್ಮೂರ ಬಸ್ಸಿನಲ್ಲಿ ಗಾಳಿಗೂ ನಿಲ್ಲಲು ಜಾಗವಿಲ್ಲ. ನನ್ನ ಬ್ಯಾಗು ಡ್ರೈವರನ ಹಿಂದೆ, ಒಂದು ಕಾಲು ಹಿಂದಿನ ಬಾಗಿಲಲ್ಲಿ, ಉಳಿದ ನಾನು ಯಾರದೋ ಹೂವಿನ ಬುಟ್ಟಿಯ ಕೆಳಗೆ. ಸೀನು ಬಂದರೆ ಬೈಲಹೊಂಗಲದವರೆಗೆ ತಡೆದುಕೊಳ್ಳಬೇಕು. ಮುಂದೆ ಒಬ್ಬರು ಸೀನಿದರೆ ಹಿಂದೆ ಒಬ್ಬರು ಗಾಜಿನಿಂದ ಹೊರಬೀಳುತ್ತಾರೆ. ಬೈಲಹೊಂಗಲದಿಂದ ಅದೇ ಬಸ್ಸು ಸವದತ್ತಿಗೆ ಹೋಗುವುದರಿಂದ ಮಂಗಳವಾರ, ಶುಕ್ರವಾರ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರೂ ಹತ್ತುತ್ತಾರೆ. ಆ ದಿನಗಳಲ್ಲಿ ನಾನು ಉಸಿರನ್ನು ಮನೆಯಲ್ಲೇ ತೆಗೆದುಕೊಂಡು ಹೋಗುತ್ತೇನೆ.

ಅಂಥ ಬಸ್ಸಿನಲ್ಲಿ ಅವನು ಇರುತ್ತಿದ್ದ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂರು ಸೀಟಿನಾಚೆಗೂ ಬರುವ ಅತ್ತರಿನ ವಾಸನೆ. ನಮ್ಮ ಅಪ್ಪನ ವಯಸ್ಸಿನವನು. ಬಸ್ಸು ಎಡಕ್ಕೆ ವಾಲಿದರೆ ಎಲ್ಲರೂ ಎಡಕ್ಕೆ ಬೀಳುತ್ತಾರೆ, ಬಲಕ್ಕೆ ವಾಲಿದರೆ ಬಲಕ್ಕೆ. ಅವನೊಬ್ಬ ಮಾತ್ರ ಬಸ್ಸು ಯಾವ ಕಡೆ ವಾಲಿದರೂ ನಮ್ಮ ಕಡೆಗೇ ಬೀಳುತ್ತಿದ್ದ. ಮೈ ಬೀಳುತ್ತಿತ್ತು, ಕೈ ಮಾತ್ರ ಬೇಕೆಂದೇ ಬರುತ್ತಿತ್ತು. ಈ ಒಂದು ಮಾತಿನಲ್ಲಿ ನಾನು ಚೂರೂ ಹಿಗ್ಗಿಸಿಲ್ಲ.

ನಾನು ಮತ್ತು ನನ್ನ ಗೆಳತಿ ಮುಂದೆ ಸರಿದೆವು, ಅವನೂ ಸರಿದ. ಬ್ಯಾಗನ್ನು ಬೆನ್ನಿನಿಂದ ತೆಗೆದು ನಡುವೆ ಹಿಡಿದೆವು, ಬ್ಯಾಗಿನ ಕೆಳಗಿನಿಂದ ಕೈ ಬಂತು. ಪಿನ್ನು ಚುಚ್ಚೋಣ ಅಂತ ಒಂದು ದಿನ ದುಪಟ್ಟಾದ ಪಿನ್ನು ತೆಗೆದರೆ, ಅದು ಸೀಟಿನಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದ ಒಬ್ಬ ಪಾಪದ ಮಾಸ್ತರರಿಗೆ ಚುಚ್ಚಿತು. ಅವರು ಎದ್ದು ನಿಂತು ‘ಬೈಲಹೊಂಗಲ ಬಂತೇನ್ರಿ’ ಅಂದರು.

ನನ್ನ ಗೆಳತಿಯ ಅಪ್ಪ ಕಿತ್ತೂರು ಕಡೆ ಟಂಟಂ ರಿಕ್ಷಾ ಓಡಿಸುತ್ತಾನೆ. ಅವಳು ಮಾತಾಡುವುದು ಎಷ್ಟು ಕಡಿಮೆಯೆಂದರೆ, ಹಾಜರಿ ಕರೆದಾಗ ಅವಳ ‘ಯಸ್ ಮಿಸ್’ ಕೇಳಿಸದೆ ಅರ್ಧ ವರ್ಷ ಅವಳನ್ನು ಗೈರು ಅಂತಲೇ ಬರೆದರು. ಅವಳು ಒಂದು ದಿನ ಬಸ್ಸಿನಿಂದ ಇಳಿದು, ಸ್ಟ್ಯಾಂಡಿನ ನಳದ ಹತ್ತಿರ ಮುಖ ತೊಳೆದುಕೊಳ್ಳುತ್ತಾ ಕೇಳಿದಳು.

“ಮನ್ಯಾಗ ಹೇಳೋಣೇನ?”

“ಹುಚ್ಚಿ ಏನ? ಹೇಳಿದ್ರ ಅವ ಬಸ್ ಬಿಡಂಗಿಲ್ಲ, ನಾವು ಬಿಡಬೇಕಾಕ್ಕೈತಿ” ಅಂದೆ.

ಇದು ತಮಾಷೆಯ ಮಾತಲ್ಲ. ನನ್ನ ಅಕ್ಕ ಕಾಲೇಜಿಗೆ ಹೋಗುವಾಗ ಒಬ್ಬ ಹುಡುಗ ದಿನಾ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಅಕ್ಕ ಪ್ರಾಮಾಣಿಕಳು, ಬಂದು ಮನೆಯಲ್ಲಿ ಹೇಳಿದಳು. ಮನೆಯವರೆಲ್ಲ ಕುಳಿತು ಚರ್ಚೆ ಮಾಡಿದರು. ಬೈಕಿನವನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕನ ಕಾಲೇಜು ನಿಂತಿತು. ಆ ಬೇಸಿಗೆಯಲ್ಲೇ ಅವಳನ್ನು ರಾಮದುರ್ಗಕ್ಕೆ ಮದುವೆ ಮಾಡಿ ಕೊಟ್ಟರು. ಗಣಿತದಲ್ಲಿ ಮಾಸ್ತರರ ತಪ್ಪು ಹಿಡಿಯುತ್ತಿದ್ದ ಅಕ್ಕ ಈಗ ಫೋನಿನಲ್ಲಿ ನನಗೆ ಒಂದೇ ಸೂತ್ರ ಹೇಳುತ್ತಾಳೆ: “ಏನರ ಆಗಲಿ, ಮನ್ಯಾಗ ಹೇಳಬ್ಯಾಡ. ಪರೀಕ್ಷಾ ಮುಗಸ.”

ಹಾಗಾಗಿ ನನಗೆ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು. ಅವನ ಕೈ ನಿಲ್ಲಬೇಕು, ಸುದ್ದಿ ಸಂಪಗಾಂವ ಮುಟ್ಟಬಾರದು. ಸುದ್ದಿ ಮುಟ್ಟಿದರೆ ನನ್ನ ಕಾಲೇಜು ಮುಗಿದಂತೆ.

ಅಷ್ಟರಲ್ಲಿ ಕಾಲೇಜಿನಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆಯ ಶಿಬಿರ ಇಟ್ಟರು. ಉದ್ಘಾಟನೆಗೆ ಬಂದವರು ನಮ್ಮನ್ನೆಲ್ಲ ಕಿತ್ತೂರಿನ ರಾಣಿಯ ಮೊಮ್ಮಕ್ಕಳು ಅಂದರು. ಅವರು ಇಳಿದ ಮೇಲೆ ಇನ್ನೊಬ್ಬರು ಮೈಕು ಹಿಡಿದು, ಮೊಮ್ಮಕ್ಕಳೆಲ್ಲ ಕತ್ತಲಾಗುವುದರೊಳಗೆ ಮನೆ ಸೇರಬೇಕು ಅಂದರು.

ಕಲಿಸಲು ಬಂದವರು ಬೆಳಗಾವಿಯ ಒಬ್ಬ ಕರಾಟೆ ಮೇಡಂ. ಅವರು ಎಲ್ಲಕ್ಕಿಂತ ಮೊದಲು ಒದರಲು ಕಲಿಸಿದರು.

“ಮೊದಲನೇ ಹತಾರ ಗಂಟಲ ಐತಿ. ಮೊಣಕೈ ಆಮ್ಯಾಲ. ‘ಕೈ ತಗಿ!’ ಅಂತ ಒದರ್ರಿ ನೋಡೋಣ. ನಿಮ್ಮ ಸುತ್ತ ಇದ್ದೋರಿಗೆ ಏನ ನಡದೈತಿ ಅಂತ ಗೊತ್ತಾಗಬೇಕ. ಗೊತ್ತಾದ್ರ ಅವ ಒಬ್ಬನ ಆಕ್ಕಾನ.”

ನಾವು ಒದರಿದೆವು. ಅದನ್ನು ಒದರುವುದು ಅನ್ನುವುದಾದರೆ ನಮ್ಮ ಮನೆಯ ಬೆಕ್ಕು ದಿನಾ ಭಾಷಣ ಮಾಡುತ್ತದೆ. ಹುಟ್ಟಿದಾಗಿನಿಂದ ‘ಸಾವಕಾಶ ಮಾತಾಡ, ಮಂದಿ ಕೇಳ್ತಾರ’ ಅಂತ ಕೇಳಿ ಬೆಳೆದ ಗಂಟಲುಗಳು. ಒಬ್ಬಳು ‘ಕೈ ತಗೀರಿ’ ಅಂತ ಗೌರವ ಕೊಟ್ಟು ಒದರಿದಳು. ನನ್ನ ಗೆಳತಿ ಬಾಯಿ ತೆರೆದಳು, ಮುಚ್ಚಿದಳು, ನಡುವೆ ಏನೂ ಬರಲಿಲ್ಲ. ನಾನೊಬ್ಬಳು ಒದರಿದ್ದು ನವಿಲುತೀರ್ಥದ ಡ್ಯಾಮಿನ ಬಾಗಿಲು ತೆಗೆಯುವವರಿಗೂ ಕೇಳಿರಬೇಕು. ಪ್ರಿನ್ಸಿಪಾಲರು ಕನ್ನಡಕವಿಲ್ಲದೆ ಓಡಿ ಬಂದರು. ಅವತ್ತಿನಿಂದ ನನಗೆ ನನ್ನ ಗಂಟಲಿನ ಮೇಲೆ ಬಹಳ ಅಭಿಮಾನ.

ಹಿಂದಿನಿಂದ ಹಿಡಿದರೆ ಮೊಣಕೈಯಿಂದ ಹೊಟ್ಟೆಗೆ, ಹಿಮ್ಮಡಿಯಿಂದ ಅವನ ಪಾದದ ಮೇಲೆ, ಬಿಡಿಸಿಕೊಂಡ ಕೂಡಲೇ ಜನ ಇರುವ ಕಡೆ ಓಡು, ನಿಂತು ಕುಸ್ತಿ ಮಾಡಬೇಡ. ಇದನ್ನೆಲ್ಲ ಮೇಡಂ ನಮ್ಮ ಕೈಕಾಲು ನೋಯುವವರೆಗೂ ಮಾಡಿಸಿದರು. ಕಡೆಗೆ, ಕೈಯಲ್ಲಿ ಏನಿದೆಯೋ ಅದೇ ಹತಾರ, ಛತ್ರಿ, ಬ್ಯಾಗು, ನೀರಿನ ಬಾಟ್ಲಿ ಅಂದರು. ನನ್ನ ತಲೆಯಲ್ಲಿ ಆ ಮಾತು ಖಾರದ ಪುಡಿಯಾಗಿ ಕುಳಿತಿತು. ಖಾರಕ್ಕೆ ನಮ್ಮ ಮನೆಯಲ್ಲಿ ಬರವೇ?

ಇಲ್ಲಿ ನಮ್ಮ ಅವ್ವನ ಖಾರದ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲಿ ಖಾರ ಮಾಡಿ ಭರಣಿಯಲ್ಲಿ ತುಂಬಿಡುತ್ತಾರೆ. ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣ ಕೊಬ್ಬರಿ, ಮಸಾಲಿ ಸಾಮಾನು, ಎಲ್ಲವನ್ನೂ ಎಣ್ಣೆಯಲ್ಲಿ ಹುರಿದು ಕುಟ್ಟಿಸಿ ಕಲಸುವುದು. ಒಂದೊಂದು ಮನೆಯ ಖಾರಕ್ಕೆ ಒಂದೊಂದು ವಾಸನೆ. ಅವ್ವನದರಲ್ಲಿ ದಗಡಫೂಲ, ಅಂದರೆ ಕಲ್ಲಿನ ಮೇಲೆ ಬೆಳೆಯುವ ಕರಿಹೂವು, ಬೇರೆಯವರಿಗಿಂತ ಹೆಚ್ಚು. ಅವ್ವ ಭರಣಿಯ ಬಾಯಿ ಬಿಚ್ಚಿದರೆ ಓಣಿಯ ಕಡೆಯ ಮನೆಯವರು ರೊಟ್ಟಿ ಹಿಡಿದು ಹೊರಗೆ ಬರುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಾಗ ತಾಯಿಯನ್ನು ಮಾತಾಡಿಸುವ ಮೊದಲು ಅವ್ವನ ಖಾರ ಕೇಳುತ್ತಾರೆ.

ಖಾಲಿಯಾದ ಪೌಡರ್ ಡಬ್ಬಿಯ ಮುಚ್ಚಳ ಚಮಚದಿಂದ ಎಬ್ಬಿಸಿ, ಒಳಗೆ ಈ ಖಾರ ತುಂಬಿದೆ. ತೂತಿನಿಂದ ಫುಸ್ ಅಂತ ಅವನ ಕಣ್ಣಿಗೆ ಹಾರಿಸುವುದು, ಎರಡನೆಯ ಫುಸ್‌ಗೆ ಅವನು ಕಾಲಿಗೆ ಬೀಳುವುದು, ಮೂರನೆಯದಕ್ಕೆ ಊರು ಬಿಡುವುದು. ಇದು ನನ್ನ ಯೋಜನೆ.

ಮಂಗಳವಾರ ಬಂತು. ಬಸ್ಸಿನ ತುಂಬ ಗುಡ್ಡಕ್ಕೆ ಹೋಗುವವರು. ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ತೊಡೆಯ ಮೇಲೆ ಯಲ್ಲಮ್ಮನ ಬಂಡಾರದ ಚೀಲ. ದೇವಿಗೆ ಎರಚುವ ಆ ಹಳದಿ ಪುಡಿ ಗಂಟಿನ ಬಾಯಿಂದಲೇ ಇಣುಕುತ್ತಿತ್ತು. ಬಿಳಿ ಅಂಗಿಯವನು ಹಿಂದಿನ ಬಾಗಿಲಿನಿಂದ ಹತ್ತಿ, ಅಷ್ಟು ಜನರ ನಡುವೆ ಹಾವಿನ ಹಾಗೆ ನಮ್ಮ ಬೆನ್ನಿಗೆ ಬಂದು ನಿಂತ. ರಸ್ತೆಯ ತಿರುವು ಬಂತು. ಕೈ ಬಂತು.

ನಾನು ತಿರುಗಿದೆ. ಡ್ಯಾಮಿನವರೆಗೆ ಕೇಳಿಸುವ ನನ್ನ ಗಂಟಲು ಆ ಕ್ಷಣದಲ್ಲಿ ಏನು ಮಾಡಿತು ಗೊತ್ತೇ? ಒಣಗಿ ಕೂತಿತು. ಒಂದು ಅಕ್ಷರ ಹೊರಡಲಿಲ್ಲ. ಆದರೆ ಕೈ ಹೊರಟಿತು. ಡಬ್ಬಿಯನ್ನು ಅವನ ಮುಖಕ್ಕೆ ಹಿಡಿದು ಒತ್ತಿದೆ.

ಏನೂ ಬರಲಿಲ್ಲ. ಎಣ್ಣೆಯಲ್ಲಿ ಕಲಸಿದ ಖಾರ ತೂತುಗಳಿಗೆಲ್ಲ ಬೆಣೆ ಬಡಿದ ಹಾಗೆ ಕುಳಿತುಬಿಟ್ಟಿತ್ತು. ಮತ್ತೆ ಒತ್ತಿದೆ. ಮೂರನೆಯ ಸಲ ಎರಡೂ ಕೈಯಿಂದ ಹಿಂಡಿದಾಗ ಮುಚ್ಚಳ ಹಾರಿ ಬಸ್ಸಿನ ಮಾಡಿಗೆ ಬಡಿಯಿತು, ಒಳಗಿನ ಖಾರವೆಲ್ಲ ಒಂದೇ ಉಂಡೆಯಾಗಿ ‘ಪಚ್’ ಅಂತ ಅವನ ಎದೆಯ ಮೇಲೆ ಬಿತ್ತು. ಅಲ್ಲಿಂದ ಹೊಟ್ಟೆಯ ಮೇಲೆ ಹಾದು ಬೆಲ್ಟಿನವರೆಗೆ ಕೆಂಪಗೆ ಇಳಿಯಿತು. ಕಣ್ಣಿಗೆ ಒಂದು ಕಣವೂ ಹೋಗಲಿಲ್ಲ. ಹೋಗಿದ್ದರೂ ಏನಾಗುತ್ತಿತ್ತೋ, ಬ್ಯಾಡಗಿ ಮೆಣಸಿನಕಾಯಿ ಇರುವುದೇ ಬಣ್ಣಕ್ಕೆ.

ಬಸ್ಸಿನ ತುಂಬ ಘಮಘಮ. ಹಿಂದಿನ ಸೀಟಿನಿಂದ ಯಾರೋ “ಯಾರ ಬುತ್ತಿ ಬಿಚ್ಚಿದ್ರಿ?” ಅಂತ ಕೇಳಿದರು.

ಅವನು ಎದೆ ನೋಡಿಕೊಂಡ, ನನ್ನ ನೋಡಿದ, ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಶುರು ಮಾಡಿದ.

“ಏ ಹುಡುಗಿ, ಕಣ್ಣ ಕಾಣಂಗಿಲ್ಲೇನ? ಹೊಸಾ ಅಂಗಿ ಹಾಳ ಮಾಡಿದೆಲ್ಲ! ಇದನ್ನ ಕಲಸ್ಯಾರೇನ ನಿಮ್ಮ ಸಾಲ್ಯಾಗ?”

ಜನ ಅವನ ಕಡೆಗಾದರು. “ಪಾಪ, ಎಂಥಾ ಅಂಗಿ ರೀ” ಅಂತ ಒಬ್ಬರು, “ತಪ್ಪಾತು ಅನ್ನವಾ ತಂಗಿ, ದೊಡ್ಡಾರದಾರ” ಅಂತ ಇನ್ನೊಬ್ಬರು. ನಾನು ಖಾಲಿ ಡಬ್ಬಿ ಹಿಡಿದು ನಿಂತಿದ್ದೆ. ಇನ್ನೊಂದು ಗಳಿಗೆಯಾದರೆ ನಾನೇ ಕ್ಷಮೆ ಕೇಳುತ್ತಿದ್ದೆನೋ ಏನೋ.

ಆಗ ಒಂದು ಸದ್ದು ಬಂತು. ಮೊದಲು ಬಸ್ಸಿನ ಬ್ರೇಕು ಅಂದುಕೊಂಡೆ. ಅದು ನನ್ನ ಗೆಳತಿ.

“ಕೈ ಹಾಕ್ತಾನ ಇವ! ದಿನಾ ಹಾಕ್ತಾನ! ಅಂಗಿ ಸುದ್ದಿ ಯಾಕ ಮಾತಾಡ್ತೀರಿ, ಇವನ ಕೈ ಸುದ್ದಿ ಕೇಳ್ರಿ!”

ಹಾಜರಿಯಲ್ಲಿ ಕೇಳಿಸದ ಆ ದನಿ ಇಷ್ಟು ವರ್ಷ ಎಲ್ಲಿ ಜಮಾ ಆಗಿತ್ತೋ! ಅದನ್ನು ಕೇಳಿದ ಕೂಡಲೇ ನನ್ನ ಗಂಟಲಿನ ಬೀಗವೂ ಕಳಚಿತು. “ಕೈ ತಗಿ! ಹಿಂದ ಸರಿ!” ಅಂತ ನಾನು ಒದರಿದ್ದಕ್ಕೆ ಡ್ರೈವರು ಗಾಬರಿಯಾಗಿ ನಿಜವಾಗಿಯೂ ಸ್ಟೇರಿಂಗಿನಿಂದ ಒಂದು ಕೈ ತೆಗೆದ.

“ಸುಳ್ಳ! ಬಸ್ ಓಲಾಡ್ತೈತಿ, ಕೈ ತಾಕತೈತಿ” ಅಂದ ಅವನು.

“ನನಗೂ ಹೋದ ವಾರ ಹಿಂಗ ತಾಕಿತ್ತಲ್ಲೋ ಖೋಡಿ” ಅಂದಳು ಮುಂದಿನ ಸೀಟಿನ ಒಬ್ಬ ಹೆಂಗಸು, ಮಡಿಲಲ್ಲಿ ಕೂಸು ಇಟ್ಟುಕೊಂಡೇ ಎದ್ದು ನಿಂತು. “ಆವಾಗ ಬಸ್ ನಿಂತಿತ್ತು. ನಿಂತ ಬಸ್ ಹೆಂಗ ಓಲಾಡ್ತೈತಿ?”

ಆಮೇಲೆ ಬಂಡಾರದ ಅಜ್ಜಿ. ಆಕೆ ಏಳಲಿಲ್ಲ, ಏಳಲು ಜಾಗವೂ ಇರಲಿಲ್ಲ. ಕುಳಿತಲ್ಲಿಂದಲೇ ಚೀಲದಲ್ಲಿ ಕೈ ಹಾಕಿ, “ತಾಯಿ, ನಿನ್ನ ಪಾಲಿಂದು ಇವಗ ಕೊಟ್ಟೇನಿ, ಸಿಟ್ಟಾಗಬ್ಯಾಡ” ಅಂತ ದೇವಿಗೆ ಹೇಳಿ, ಹಿಡಿ ಬಂಡಾರ ಅವನ ತಲೆಗೆ ಎರಚಿದಳು. ಅದು ಎಣ್ಣೆಯಲ್ಲಿ ಕಲಸಿದ್ದಲ್ಲ. ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ತಲೆಯಿಂದ ಎದೆಯವರೆಗೆ ಹಳದಿ, ಎದೆಯಿಂದ ಬೆಲ್ಟಿನವರೆಗೆ ಕೆಂಪು. ಕೋಲೊಂದು ಸಿಕ್ಕಿದ್ದರೆ ಅವನನ್ನು ನೆಟ್ಟು ನಾಡಗೀತೆ ಹಾಡಬಹುದಿತ್ತು.

ಕಂಡಕ್ಟರ್ ಅಕ್ಕ ಸೀಟಿ ಊದಿದರು. “ಡ್ರೈವರ್ ಸಾಹೇಬ್ರ, ಗಾಡಿ ಸೀದಾ ಪೊಲೀಸ್ ಸ್ಟೇಶನ್ನಿಗೆ ಹೊಡೀರಿ.” ಆದರೆ ಊರ ಬಾಯಲ್ಲಿ ಎತ್ತಿನ ಗಾಡಿಗಳಿಗಾಗಿ ಬಸ್ಸು ನಿಧಾನವಾದಾಗ ಅವನು ಕೆಮ್ಮುತ್ತಾ, ಕಣ್ಣುಜ್ಜುತ್ತಾ ಹಾರಿ ಓಡಿದ. ಹತ್ತಿಯ ಅಂಡಿಗೆ ಹೇರಿದ ಗಾಡಿಗಳ ನಡುವೆ ಆ ಬಾವುಟ ಬಹಳ ದೂರದವರೆಗೆ ಕಾಣುತ್ತಿತ್ತು.

“ಕಂಪ್ಲೇಂಟ್ ಕೊಡ್ರಿ, ನಾ ಸಾಕ್ಷಿ ಹೇಳತೇನಿ” ಅಂದರು ಕಂಡಕ್ಟರ್ ಅಕ್ಕ. “ನಿಮ್ಮ ಹೆಸರ ಹೇಳ್ರಿ, ಊರು ಹೇಳ್ರಿ.”

ನಾನು ಮತ್ತು ಗೆಳತಿ ಮುಖ ಮುಖ ನೋಡಿಕೊಂಡೆವು. ಹೆಸರು, ಊರು, ಆಮೇಲೆ ಮನೆ. ಅವಳ ಕಣ್ಣಿನಲ್ಲಿ ಟಂಟಂ ಕಾಣುತ್ತಿತ್ತು, ನನ್ನ ಕಣ್ಣಿನಲ್ಲಿ ರಾಮದುರ್ಗ. “ಬ್ಯಾಡ್ರಿ ಅಕ್ಕಾರ, ಕ್ಲಾಸಿಗೆ ತಡ ಆಕ್ಕೈತಿ” ಅಂದೆ. ಅವತ್ತು ನಾನು ಹೇಳಿದ ಅತಿ ಪುಕ್ಕಲು ಮಾತು ಅದೇ.

ಇಳಿಯುವಾಗ ಬಂಡಾರದ ಅಜ್ಜಿ ನನ್ನ ತೋಳು ಹಿಡಿದಳು. ನನ್ನ ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದಳು. ಮತ್ತೊಮ್ಮೆ ಮೂಸಿದಳು.

“ದಗಡಫೂಲ! ನೀ ಸಂಪಗಾಂವದಾಗ ಬಸವಣ್ಣನ ಗುಡಿ ಹಿಂದಿನ ಮನಿ ಹುಡುಗಿ ಅಲ್ಲೇನ? ನಿಮ್ಮವ್ವ ನನಗ ವರ್ಷಾ ಒಂದ ವಾಟಗಾ ಖಾರ ಕಳಸ್ತಾಳ!”

ನನ್ನ ಜೀವ ಬಸ್ಸಿನಲ್ಲೇ ಉಳಿಯಿತು, ನಾನು ಮಾತ್ರ ಇಳಿದೆ. ಜಗತ್ತಿನಲ್ಲಿ ಅಷ್ಟು ಅಂಗಡಿ, ಅಷ್ಟು ಖಾರದ ಪುಡಿ ಪಾಕೀಟು. ಮನೆಗೆ ಸುದ್ದಿ ಹೋಗಬಾರದು ಅಂತ ಒದ್ದಾಡುವವಳು ಮನೆಯ ವಿಳಾಸ ಬರೆದಂಥ ಖಾರವನ್ನೇ ಎರಚುವುದೇ?

ಅವತ್ತು ಸಂಜೆ ಮನೆಯಲ್ಲಿ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಅವ್ವ ರೊಟ್ಟಿ ಬಡಿದಳು, ಅಪ್ಪ ಹೊಲಕ್ಕೆ ಹೋದ. ಬಿಳಿ ಅಂಗಿಯವನು ಬಸ್ಸಿನಲ್ಲಿ ಕಾಣಲಿಲ್ಲ. ಅಜ್ಜಿ ಮರೆತಿರಬೇಕು ಅಂದುಕೊಂಡೆ. ನನ್ನ ಧೈರ್ಯ ವಾಪಸು ಬಂತು. ಬರುವಾಗ ಒಂಟಿಯಾಗಿ ಬರಲಿಲ್ಲ, ಗುಂಪು ಕಟ್ಟಿಕೊಂಡು ಬಂತು. ಗುರುವಾರದ ಹೊತ್ತಿಗೆ ಅವನು ಆರೂವರೆ ಅಡಿ ಎತ್ತರವಿದ್ದ. ಶುಕ್ರವಾರ ಪೈಲವಾನನಾದ. ಶನಿವಾರ ಅವನು ನನ್ನ ಕಾಲು ಮುಟ್ಟಿ ‘ಅಕ್ಕಾ’ ಅಂದಿದ್ದ.

ಭಾನುವಾರ ಅವ್ವ ಸಂತೆಗೆ ಹೋದಾಗ, ಬಸ್ಸಿಗೆ ಬರುವ ಹುಡುಗಿಯರನ್ನೆಲ್ಲ ನಮ್ಮ ಮಾಳಿಗೆಯ ಮೇಲೆ ಕರೆದೆ. ಮೇಡಂ ಕಲಿಸಿದ್ದನ್ನು ನಾನು ಕಲಿಸಬೇಕಲ್ಲ! ಅಪ್ಪನ ಬಿಳಿ ಅಂಗಿಗೆ ಹತ್ತಿ ತುಂಬಿ ಮನುಷ್ಯನನ್ನು ಮಾಡಿ, ಕಂಬಕ್ಕೆ ಕಟ್ಟಿದೆ.

“ಹಿಂದಿಂದ ಬಂದ್ರ ಮೊಣಕೈ! ಆಮ್ಯಾಲ ಕಾಲ ತುಳೀರಿ! ಅದಕ್ಕೂ ಮೊದಲ ಏನು?”

“ಗಂಟಲ!” ಅಂತ ಎಲ್ಲರೂ ಒದರಿದರು. ಗೆಳತಿಯ ದನಿ ಎಲ್ಲರಿಗಿಂತ ಮೇಲಿತ್ತು. ಹೊಸ ಶಿಷ್ಯೆಯೊಬ್ಬಳು ಮೊಣಕೈ ಹೊಡೆದ ರಭಸಕ್ಕೆ ಅಪ್ಪನ ಅಂಗಿಯ ಗುಂಡಿಗಳು ಪಕ್ಕದ ಮನೆಯ ಮಾಳಿಗೆಗೆ ಹೋದವು.

“ಖಾರ ಹೆಂಗ ಎರಚಿದಿ, ಅದನ್ನ ತೋರ್ಸ” ಅಂತ ಒಬ್ಬಳು ಕೇಳಿದಳು.

ಕೇಳಿದ ಮೇಲೆ ಇಲ್ಲ ಅನ್ನಲಾಗುತ್ತದೆಯೇ? ಬಟ್ಟಲಲ್ಲಿ ತಂದಿಟ್ಟಿದ್ದ ಖಾರದ ಉಂಡೆ ಎತ್ತಿ, “ಹಿಂಗ, ನೇರ ಅವನ ಕಣ್ಣಿಗೆ!” ಅಂತ ಬೀಸಿದೆ. ಅದು ‘ಪಚ್’ ಅಂತ ಅಪ್ಪನ ಅಂಗಿಯ ಎದೆಯ ಮೇಲೆ ಕೂತಿತು.

ಯಾರೂ ನಗಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಏಣಿಯ ಬಾಯಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಸಂತೆಯ ಚೀಲ ಹಾಗೇ ಇತ್ತು.

“ಅವ್ವಾ, ಇದು ಕಾಲೇಜಿಂದು ಪ್ರಾಜೆಕ್ಟ್…”

“ಮುಚ್ಚ ಬಾಯಿ. ನಿಮ್ಮ ಬಸ್ಸಿನ್ಯಾಗಿನ ಆ ಆಯಿ ಮಂಗಳವಾರ ಗುಡ್ಡದಿಂದ ಇಳದಾಕಿ ಸೀದಾ ನಮ್ಮ ಮನಿಗೇ ಬಂದಿದ್ಲು.”

“ಹಂಗಾರ ಇಷ್ಟ ದಿನ ಯಾಕ ಸುಮ್ನಿದ್ದಿ?”

“ನೀ ಬಂದ ಹೇಳ್ತಿ ಏನಂತ ಕಾದೆ.” ಅವ್ವ ಚೀಲ ಕೆಳಗಿಟ್ಟಳು. “ಹೇಳಲಿಲ್ಲ. ಯಾಕ ಹೇಳಲಿಲ್ಲ ಅಂತ ನನಗೂ ಗೊತ್ತೈತಿ. ನಿಮ್ಮಕ್ಕ ಹೇಳಿದ್ಲು. ಹೇಳಿದ್ದಕ್ಕ ಏನ ಸಿಕ್ತು ಆಕಿಗೆ?”

ರಾಮದುರ್ಗದ ಕಡೆಗೆ ನನ್ನ ಗಂಟುಮೂಟೆಯೂ ಕಟ್ಟಿದಂತೆಯೇ ಅಂದುಕೊಂಡೆ. ಅವ್ವ ಕಂಬದ ಹತ್ತಿರ ಹೋಗಿ ಅಪ್ಪನ ಅಂಗಿಯ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಹುಡುಗಿಯರ ಕಡೆ ತಿರುಗಿದಳು.

“ಖರೇ ಹೇಳ್ರಿ. ಆ ಖೋಡಿ ನಿಮ್ಮೊಳಗ ಮತ್ತ ಯಾರಿಗೆಲ್ಲ ಕೈ ಹಾಕ್ಯಾನ?”

ಒಬ್ಬಳು ನೆಲ ನೋಡುತ್ತಲೇ ಕೈ ಎತ್ತಿದಳು. ಇನ್ನೊಬ್ಬಳು. ಆಮೇಲೆ ಅಪ್ಪನ ಅಂಗಿಗೆ ಮೊಣಕೈ ಕೊಟ್ಟಿದ್ದ ಹೊಸ ಶಿಷ್ಯೆ. ಗೆಳತಿಯ ಕೈ ಎಲ್ಲಕ್ಕಿಂತ ಮೇಲೆ. ಅಷ್ಟು ದಿನ ಕಥೆಯನ್ನು ಎಳೆದೆಳೆದು ದೊಡ್ಡದು ಮಾಡಿದ್ದವಳು ನಾನು. ನಿಜವಾದ ಕಥೆ ನನಗಿಂತ ದೊಡ್ಡದಿತ್ತು.

“ಸಾಕು, ಇಳಸ್ರಿ ಕೈ” ಅಂದಳು ಅವ್ವ. “ನಾಳೆ ಬಸ್ಸಿಗೆ ನಾನೂ ಬರತೇನಿ. ನೀವು ನಿಮ್ಮ ನಿಮ್ಮ ಅವ್ವಂದಿರನ್ನ ಕರಕೊಂಡ ಬರ್ರಿ, ಹೆಂಗೂ ಹೆಂಗಸ್ರಿಗೆ ಟಿಕೆಟ್ ಇಲ್ಲ. ಆ ಕಂಡಕ್ಟರ್ ಅಕ್ಕಾರ್ನೂ ಕರಕೊಂಡ ಸೀದಾ ಸ್ಟೇಶನ್ನಿಗೆ. ಅವ ಎಲ್ಲಿ ಅಡಗ್ಯಾನ ಅಂತ ಪೊಲೀಸ್ರು ಹುಡಕಲಿ, ಗುರುತ ನಾ ಹೇಳತೇನಿ. ನಮ್ಮ ಖಾರದ ಕಲಿ ಜನ್ಮದಾಗ ಹೋಗಂಗಿಲ್ಲ.”

“ಅಪ್ಪಗ?” ಅಂತ ಕೇಳಿದೆ, ನನಗೇ ಕೇಳಿಸದಂತೆ.

“ನಿಮ್ಮಪ್ಪಗ ನಾ ಹೇಳತೇನಿ. ಈ ಸಲ ಮನ್ಯಾಗ ಕುಂದ್ರೋದು ನೀ ಅಲ್ಲ ಅಂತ.”

ನನಗೆ ಕುಣಿಯಬೇಕೆನಿಸಿತು. “ಹಂಗಾರ ಈಗ ಎಲ್ಲಾರೂ ನೋಡ್ರಿ, ಎರಡನೇ ಪಾಠ…” ಅಂತ ಕೈ ಎತ್ತಿದೆ. ಅವ್ವ ಎತ್ತಿದ ಕೈಯಲ್ಲೇ ಹತ್ತಿ ತುಂಬಿದ ಅಂಗಿಯನ್ನು ತುರುಕಿದಳು.

“ಮುಗೀತು ನಿನ್ನ ಸರ್ಕಸ್. ಎಲ್ಲಾರೂ ಇಳೀರಿ ಕೆಳಗ. ನೀ ಇದರಾಗಿನ ಹತ್ತಿ ತಗದು, ಗುಂಡಿ ಹುಡಕಿ ಹಚ್ಚಿ, ಒಗದ ಹಾಕ. ಮತ್ತ ನಾಳೆ ಕಾಲೇಜಿನ ಬಸ್ಸಿಗೆ ಒಂದ ಗಳಿಗಿ ತಡ ಮಾಡಿದ್ರ, ನಿನ್ನ ಕಾಲ ಮುರೀತೇನಿ ನೋಡ.”